ಫೋಪಾದ ಹದಿನೆಂಟು ನಿಮಿಷ

ಮೆಂಗಿಯಾ ಸ್ಟುಪಾನಳನ್ನು ಹಿಮ ಒಮ್ಮೆ ನುಂಗಿತ್ತಂತೆ. ಹದಿನೆಂಟು ನಿಮಿಷ ಹೊಟ್ಟೆಯಲ್ಲಿಟ್ಟುಕೊಂಡು, ಅರಗಿಸಿಕೊಳ್ಳಲಾಗದೆ ಹೊರಹಾಕಿತಂತೆ. ಅಂದಿನಿಂದ ಅವಳಿಗೆ ಹಿಮದ ಮಾತು ಕೇಳಿಸುತ್ತದಂತೆ. ಬೆಳಿಗ್ಗೆ ಏಳಕ್ಕೆ ಅಂಗಳದ ಅಳತೆಗಂಬದ ಮುಂದೆ ತಲೆ ಓರೆ ಮಾಡಿ ನಿಲ್ಲುವುದು ಅದಕ್ಕೇ ಅಂತೆ. ಸ್ಕೀ ಹೊತ್ತು ಬೆಟ್ಟದೂರು ಸುರ್‌ವಾಲಿಗೆ ಬಂದವರಿಗೆಲ್ಲ ಬೇಕರಿಯ ಅನೆಟ್ಟಾ ಅಕ್ರೋಟಿನ ಟೊರ್ಟಾವನ್ನು ಕಾಗದದಲ್ಲಿ ಸುತ್ತಿಕೊಡುತ್ತ ಈ ಕತೆಯನ್ನೂ ಕೊಟ್ಟು ಕಳಿಸುತ್ತಿದ್ದಳು. ಕತೆಗೊಂದು ಬಾಲವಿತ್ತು. ಆ ಭಾಗ ಬಂದಾಗ ಅವಳ ದನಿ ತಗ್ಗುತ್ತಿತ್ತು: ಆ ದಿನ ಮೆಂಗಿಯಾಳ ಜೊತೆಗಿದ್ದವನು ಬಡಗಿ ಬಾಲ್ಸರ್, ಅವಳನ್ನು ಹಿಮದಡಿಯಲ್ಲೇ ಬಿಟ್ಟು ಅವನು ಕೆಳಕ್ಕೆ ಜಾರಿಹೋದದ್ದನ್ನು ಎದುರು ಬೆಟ್ಟದಿಂದ ಮೂವರು ಕಣ್ಣಾರೆ ಕಂಡಿದ್ದಾರೆ.

ಇದರಲ್ಲಿ ಹದಿನೆಂಟು ನಿಮಿಷವೊಂದೇ ಪೂರ್ತಿ ನಿಜ. ಹಿಮ ಯಾರನ್ನೂ ಹೊರಹಾಕುವುದಿಲ್ಲ. ಮೆಂಗಿಯಾಳನ್ನು ಹೊರತೆಗೆದದ್ದು ಬಾಲ್ಸರನ ಸಲಿಕೆ. ಅವಳು ತಲೆ ಓರೆ ಮಾಡುವುದು ಹಿಮದ ಮಾತಿಗೆ ಕಿವಿಗೊಡಲು ಅಲ್ಲ. ಎಡಗಣ್ಣಿಗೆ ಕನ್ನಡಕ ಸರಿಹೊಂದದ ಕಾರಣ ಕಂಬದ ಮೇಲಿನ ಅಂಕಿ ಹಾಗೆ ನೋಡಿದರಷ್ಟೇ ಕಾಣುತ್ತದೆ. ಇನ್ನು ಆ ಬಾಲದ ಮಾತು. ಅದರ ನಿಜವನ್ನು ಬಲ್ಲವರು ಊರಿನಲ್ಲಿ ಇಬ್ಬರೇ ಇದ್ದರು, ಇಬ್ಬರೂ ಹತ್ತೊಂಬತ್ತು ವರ್ಷ ಬಾಯಿ ಬಿಟ್ಟಿರಲಿಲ್ಲ.

ಮೆಂಗಿಯಾಳದು ಊರಿನ ಕೊನೆಯ ಮನೆ. ಅದರಾಚೆ ಡಾಂಬರು ಮುಗಿದು ಒಂದು ಗೇಟು, ಗೇಟಿನಾಚೆ ತೊರೆಯ ಸೇತುವೆ ಬರುತ್ತದೆ. ಸೇತುವೆ ದಾಟಿದರೆ ಬೆಟ್ಟ. ಇಪ್ಪತ್ತೇಳು ವರ್ಷ ಅವಳು ಕಣಿವೆಯ ಹಳದಿ ಅಂಚೆಬಸ್ಸನ್ನು ಓಡಿಸಿದಳು. ಯಾರಿಗೆ ಯಾವ ಊರಿನಿಂದ ಕಾಗದ ಬರುತ್ತದೆ, ಯಾರು ಯಾರ ಪಕ್ಕದ ಸೀಟಿನಲ್ಲಿ ಕೂರುವುದನ್ನು ಬಿಟ್ಟಿದ್ದಾರೆ ಎಂಬುದೆಲ್ಲ ಅವಳಿಗೆ ಕನ್ನಡಿಯಲ್ಲೇ ತಿಳಿಯುತ್ತಿತ್ತು. ತಿಳಿದದ್ದನ್ನು ಬಸ್ಸಿನಿಂದ ಇಳಿಸುತ್ತಿರಲಿಲ್ಲ. ಬಸ್ಸು ಹೊರಡುವ ಮುಂಚಿನ ಹೊತ್ತು ಹಿಮದ್ದು. ಕಂಬದ ಬಳಿ ನಿಂತು ಎಷ್ಟು ಎತ್ತರ ನಿಂತಿದೆ, ಇರುಳು ಎಷ್ಟು ಬಿದ್ದಿದೆ, ಗಾಳಿ ಯಾವ ಕಡೆಯಿಂದ ಬೀಸಿದೆ ಎಂದು ನೋಡಿ ಹಿಮಸಂಸ್ಥೆಗೆ ವರದಿ ಕಳಿಸುವುದು ಅವಳ ಕೆಲಸ. ಎರಡು ವಾರಕ್ಕೊಮ್ಮೆ ಗುರುವಾರ ಬಾಲ್ಸರನೊಡನೆ ಮೇಲೆ ಹೋಗಿ, ನೆಲ ಕಾಣುವವರೆಗೆ ಗುಂಡಿ ತೋಡಿ, ಹಿಮದ ಗೋಡೆಯನ್ನು ಪದರಪದರವಾಗಿ ಓದುವಳು. ಒಂದು ಕಂಬದಷ್ಟು ಹಿಮವನ್ನು ಗರಗಸದಿಂದ ಬಿಡಿಸಿ, ಮೇಲೆ ಸಲಿಕೆಯಿಟ್ಟು, ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು ಸಲ, ಭುಜದಿಂದ ಹತ್ತು ಸಲ ತಟ್ಟುವಳು. ಎಷ್ಟನೆಯ ತಟ್ಟಿಗೆ ಯಾವ ಪದರ ಜಾರಿತು ಎಂಬುದರಲ್ಲಿ ಆ ವಾರ ಬೆಟ್ಟಕ್ಕೆ ಹೋಗುವವರ ಯೋಗಕ್ಷೇಮವಿರುತ್ತದೆ.

ಗೇಟಿನ ಕೆಲಸವನ್ನು ಮಾತ್ರ ಯಾರೂ ಅವಳಿಗೆ ಒಪ್ಪಿಸಿರಲಿಲ್ಲ. ಫೋಪಾ ಇಳಿಜಾರಿನಲ್ಲಿ ಹಿಮದಡಿ ಸಿಕ್ಕ ಘಟನೆಯ ಮರುವರ್ಷ ತಾನಾಗಿ ಶುರುಮಾಡಿದಳು. ಸ್ಕೀ ಕಟ್ಟಿಕೊಂಡು ಮೇಲೆ ಹೋಗುವವರು ಎದೆಗೆ ಅಂಗೈಯಗಲದ ಒಂದು ಯಂತ್ರ ಬಿಗಿದುಕೊಳ್ಳುತ್ತಾರೆ. ನಾವು ಬೀಪರ್ ಅನ್ನುತ್ತೇವೆ. ಅದಕ್ಕೆ ಎರಡೇ ಕೆಲಸ. ‘ಕಳಿಸು’ವಿನಲ್ಲಿಟ್ಟರೆ ನೀವಿರುವ ಜಾಗವನ್ನು ಸಾರುತ್ತಿರುತ್ತದೆ, ‘ಹುಡುಕು’ವಿನಲ್ಲಿಟ್ಟರೆ ತಾನು ಸುಮ್ಮನಾಗಿ ಇತರರ ದನಿಗೆ ಕಿವಿಗೊಡುತ್ತದೆ. ಹಿಮದಡಿ ಸಿಕ್ಕವರದು ಕಳಿಸುತ್ತಿರಬೇಕು, ಮೇಲಿರುವವರದು ಹುಡುಕಬೇಕು. ಮೆಂಗಿಯಾ ತನ್ನದನ್ನು ‘ಹುಡುಕು’ವಿಗೆ ತಿರುಗಿಸಿ ಗೇಟಿನಲ್ಲಿ ನಿಲ್ಲುವಳು, ಒಬ್ಬೊಬ್ಬರೇ ಹಾದುಹೋಗಬೇಕು, ಯಾರ ಬೀಪರ್ ದನಿಗೊಡದೋ ಅವರು ಹಿಂದಕ್ಕೆ. ಒಮ್ಮೆ ಇಗರ್ಜಿಯ ಪಾದ್ರಿ, ಬ್ಯಾಟರಿ ಮುಗಿದ ಬೀಪರ್ ಕಟ್ಟಿಕೊಂಡು ಬಂದವರು, ಇವತ್ತೊಂದು ದಿನ ದೇವರು ನೋಡಿಕೊಳ್ಳುತ್ತಾನೆ ಎಂದು ನಕ್ಕರು.

“ದೇವರು ನೋಡ್ತಾನೆ, ಪಾದ್ರಿಗಳೇ. ಸಲಿಕೆ ಹಿಡ್ಕೊಂಡು ಹುಡುಕೋರು ನಾವು,” ಎಂದಳು ಮೆಂಗಿಯಾ. ಪಾದ್ರಿ ಬ್ಯಾಟರಿ ತರಲು ಮನೆಗೆ ಹೋದರು.

ಎರಡು ಚಳಿಗಾಲದ ಹಿಂದೆ, ಜನವರಿಯ ಒಂದು ಮಧ್ಯಾಹ್ನ, ಚಾಸ್ಪರ್ ಅವಳ ಅಡುಗೆಮನೆಗೆ ಬಂದು ಕೂತ. ಕಣಿವೆಯ ರಕ್ಷಣಾ ತಂಡಕ್ಕೆ ಇಪ್ಪತ್ತೆರಡು ವರ್ಷ ಮುಖ್ಯಸ್ಥನಾಗಿದ್ದವನು. ಚಿಕ್ಕಪ್ಪನೆಂಬ ಅರ್ಥದಲ್ಲಿ ಊರೆಲ್ಲ ಅವನನ್ನು ಬಾರ್ಬಾ ಎನ್ನುತ್ತದೆ. ಎಪ್ಪತ್ತೊಂದಾಗಿತ್ತು, ಎರಡೂ ಮಂಡಿ ಕೈಕೊಟ್ಟಿದ್ದವು. ಬಾರ್ಲಿ ಸೂಪಿಗೆ ರೊಟ್ಟಿ ಮುರಿದು ಹಾಕುತ್ತ, ಫೆಬ್ರವರಿಯ ವಾರ್ಷಿಕ ತರಬೇತಿಯ ದಿನ ತಾನು ಇಳಿಯುವುದಾಗಿಯೂ ತಂಡ ಅಂದೇ ಹೊಸಬನನ್ನು ಆರಿಸಬೇಕೆಂದೂ ಹೇಳಿದ. ಮೆಂಗಿಯಾ ಬಾಲ್ಸರನ ಹೆಸರು ತೆಗೆದಳು.

ಚಾಸ್ಪರ್ ಚಮಚ ಕೆಳಗಿಟ್ಟ. “ಬೆಟ್ಟ ಅವನಷ್ಟು ಬಲ್ಲೋನು ಇನ್ನೊಬ್ಬ ಇಲ್ಲ, ನಂಗೊತ್ತು. ಆದ್ರೆ ಹೆಸರು ಎತ್ತಿದ್ರೆ ಎಲ್ಲಾ ಫೋಪಾ ಅಂತಾರೆ. ಸಿಕ್ಕಿಬಿದ್ದೋರ ಮನೆಯವರು ರಸ್ತೇಲಿ ನಿಂತು ನನ್ನ ಮುಖಾನೇ ನೋಡ್ತಿರ್ತಾರೆ ಕಣೇ. ಇವನು ಬಿಟ್ಟು ಬರಲ್ಲ ಅಂತ ಅವರಿಗೆ ಅನ್ನಿಸಬೇಕು.”

“ನಿಮಗೇನನ್ಸುತ್ತೆ, ಬಾರ್ಬಾ?”

“ನಿನ್ನ ಬೀಪರ್ ಕಳಿಸ್ತಾ ಇತ್ತು. ಹೆಲಿಕಾಪ್ಟರಿಂದ ಇಳಿದು ನಾನೇ ಕೈಯಲ್ಲಿ ಹಿಡಿದು ನೋಡಿದೀನಿ. ದನಿ ಬರ್ತಿರೋ ಬೀಪರನ್ನ ದಾಟ್ಕೊಂಡು ಕೆಳಗೆ ಹೋಗಿದಾನೆ ಅಂದ್ರೆ ಹೆದರಿದಾನೆ ಅಂತ. ಹೆದರೋದೇನು ಅಪರಾಧ ಅಲ್ಲ. ಆದ್ರೆ ಮುಖ್ಯಸ್ಥನಿಗೆ ಆಗಿಬರಲ್ಲ.”

ಮೆಂಗಿಯಾ ತುಂಬಿದ್ದ ಬಟ್ಟಲಿಗೇ ಇನ್ನೊಂದು ಸೌಟು ಸೂಪು ಬಡಿಸಿದಳು. ಮೇಜಿನ ಮೇಲೆ ಚೆಲ್ಲಿತು.

ಆ ದಿನ ನಡೆದದ್ದು ಇಷ್ಟು. ಚಾಸ್ಪರ್ ಬಂದು ಕೂತ ಆ ಚಳಿಗಾಲಕ್ಕೂ ಹತ್ತೊಂಬತ್ತು ವರ್ಷದ ಹಿಂದಿನ ಮಾರ್ಚ್; ಇರುಳೆಲ್ಲ ಗಾಳಿ ಬೀಸಿ ಬೆಳಿಗ್ಗೆ ತಿಳಿಯಾಗಿತ್ತು. ಮೆಂಗಿಯಾ ಹಿಮಸಂಸ್ಥೆಯ ವೀಕ್ಷಕಿಯಾಗಿ ಎರಡನೆಯ ಚಳಿಗಾಲ. ಹೆಂಗಸಿಗೇಕೆ ಈ ಕೆಲಸ ಎಂದವರ ಬಾಯಿ ಆಗಷ್ಟೇ ಮುಚ್ಚಿತ್ತು, ಊರವರಿಗೆ ಬೀಪರ್ ಕಲಿಸುವ ತರಗತಿಯನ್ನೂ ಅವಳೇ ತೆರೆದಿದ್ದಳು. ಇದೇ ಗೇಟಿನಲ್ಲಿ ಅವಳು ತನ್ನದನ್ನು ‘ಹುಡುಕು’ವಿಗೆ ತಿರುಗಿಸಿ ಬಾಲ್ಸರನದನ್ನು ಪರೀಕ್ಷಿಸಿದಳು. ಸರಿಯಿತ್ತು. ತನ್ನದನ್ನು ಮತ್ತೆ ‘ಕಳಿಸು’ವಿಗೆ ತಿರುಗಿಸಬೇಕೆನ್ನುವಾಗ ಅನೆಟ್ಟಾ, ಅವಳ ಅಣ್ಣನ ಹೆಂಡತಿ, ರೊಟ್ಟಿಯ ಗಂಟು ಮರೆತಿದ್ದೀಯೆಂದು ರಸ್ತೆಯಿಂದಲೇ ಕೂಗಿದಳು. ಮೆಂಗಿಯಾ ಅತ್ತ ಹೋಗಿ ರೊಟ್ಟಿ ಈಸಿಕೊಂಡಳು, ಜಾಕೆಟ್ಟಿನ ಜಿಪ್ಪು ಎಳೆದಳು, ಹೊರಟಳು.

ಫೋಪಾ ಎಂದರೆ ಬೋಗುಣಿಯಂಥ ಇಳಿಜಾರು. ಅವಳಜ್ಜ ಅಲ್ಲಿಂದ ಚಳಿಗಾಲದಲ್ಲಿ ಹುಲ್ಲಿನ ಹೊರೆಯನ್ನು ಜಾರುಬಂಡಿಯಲ್ಲಿ ಇಳಿಸುತ್ತಿದ್ದ. ಮನೆಯ ಹಿತ್ತಿಲೆಂಬಷ್ಟು ಸಲಿಗೆ. ಆ ಸಲಿಗೆಯಿಂದಲೇ ಅವಳು ಗುಂಡಿಯನ್ನು ಮರದ ಮರೆಯಲ್ಲಿ, ಗಾಳಿ ಮುಟ್ಟದ ಕಡೆ ತೋಡಿದಳು; ಮೂವತ್ತು ತಟ್ಟಿಗೂ ಏನೂ ಜಾರಲಿಲ್ಲ. ಒಬ್ಬರು ಇಳಿಯುವಾಗ ಇನ್ನೊಬ್ಬರು ಕಾಯುವುದು ನಿಯಮ. ಬಾಲ್ಸರ್ ಬಂಡೆಯ ಬಳಿ ನಿಂತ, ಅವಳು ಇಳಿದಳು. ನಾಲ್ಕನೆಯ ತಿರುವಿನಲ್ಲಿ ಹಿಮದೊಳಗೆ ಯಾರೋ ದಪ್ಪ ಕಂಬಳಿ ಕೊಡವಿದ ಸದ್ದಾಯಿತು. ಗಾಳಿ ತಂದಿಟ್ಟಿದ್ದ ಗಟ್ಟಿ ಹಾಸು, ಕೆಳಗಿನ ಸಕ್ಕರೆಯಂಥ ಪದರದ ಮೇಲಿನಿಂದ ಹಲಗೆಯಂತೆ ಕಳಚಿ ಹೊರಟಿತು.

ಬಾಲ್ಸರ್ ನಿಯಮ ತಪ್ಪಲಿಲ್ಲ. ಅವಳು ಕೊನೆಗೆ ಕಂಡ ಜಾಗವನ್ನು ಕಣ್ಣಲ್ಲಿ ಗುರುತಿಟ್ಟ, ಬೀಪರನ್ನು ‘ಹುಡುಕು’ವಿಗೆ ತಿರುಗಿಸಿದ, ಕುಸಿದ ಹಿಮದ ಮೇಲೆ ಅಡ್ಡಡ್ಡ ಜಾರುತ್ತ ಇಳಿದ. ಏನೂ ಕೇಳಿಸಲಿಲ್ಲ. ಬೀಪರ್ ದನಿಗೊಡುತ್ತಿಲ್ಲವೆಂದರೆ ಅವಳು ಇಲ್ಲಿಲ್ಲ, ಹಿಮ ಅವಳನ್ನು ಕೆಳಗಿನ ತೊರೆಯ ಕಮರಿಗೆ ಒಯ್ದಿದೆ. ಹಾಗೆಂದುಕೊಂಡು ಅವನು ನೇರ ಕೆಳಕ್ಕೆ ಹೋದ. ಎದುರು ಬೆಟ್ಟದ ಮೂವರು ಕಂಡದ್ದು ಇದನ್ನು. ಕಮರಿಯಲ್ಲೂ ಏನಿರಲಿಲ್ಲ. ಅಲ್ಲಿಂದ ತಿರುಗಿ ನೋಡಿದಾಗ ಅರವತ್ತು ಮೀಟರ್ ಮೇಲೆ, ತಾನು ಹಾದುಬಂದ ದಾರಿಯ ಪಕ್ಕದಲ್ಲೇ, ಅವಳ ಸ್ಕೀ ಕೋಲಿನ ಕೆಂಪು ಪಟ್ಟಿ ಬೆರಳುದ್ದ ಹೊರಗಿತ್ತು. ಸ್ಕೀ ಕಳಚಿ, ನಾಲ್ಕು ಕಾಲಿನಲ್ಲಿ ಹತ್ತಿ ಬಂದ.

ಮುಖದ ಮೇಲಿನ ಹಿಮ ಸರಿದು ಬೆಳಕು ಬಿದ್ದದ್ದು ಮೆಂಗಿಯಾಳಿಗೆ ನೆನಪಿದೆ. ಬಾಯಿಗೆ ಅಡ್ಡ ಹಿಡಿದ ತನ್ನದೇ ಕೈ ನೆನಪಿದೆ. ಅವನು ಎದೆಯವರೆಗೆ ಅಗೆದು, ಜಾಕೆಟ್ಟು ಬಿಚ್ಚಿ, ಅವಳ ಬೀಪರನ್ನು ನೋಡಿದ್ದು, ಒಂದು ಮಾತೂ ಆಡದೆ ಹೆಬ್ಬೆರಳಿನಿಂದ ಅದನ್ನು ‘ಕಳಿಸು’ವಿಗೆ ತಿರುಗಿಸಿದ್ದು ಎಲ್ಲಕ್ಕಿಂತ ಚೆನ್ನಾಗಿ ನೆನಪಿದೆ. ಆಮೇಲೆ ಹೆಲಿಕಾಪ್ಟರ್ ಬಂತು, ಚಾಸ್ಪರ್ ಇಳಿದ, ವರದಿಯಲ್ಲಿ ಬೀಪರ್ ಸರಿಯಿತ್ತೆಂದು ಬರೆದ.

ತನ್ನ ಮಾನ ಉಳಿಸಲೆಂದೇ ಬಾಲ್ಸರ್ ಹಾಗೆ ಮಾಡಿದನೆಂದು ಅವಳು ನಂಬಿದ್ದಳು. ಆ ಋಣವನ್ನು ಆಡಿ ಹಗುರ ಮಾಡಬಾರದೆಂದು ತನಗೆ ತಾನೇ ಹೇಳಿಕೊಂಡಳು. ಮೌನಕ್ಕೆ ಅದೊಂದು ಚೆಂದದ ಹೊದಿಕೆಯಾಯಿತು. ಊರಿನಲ್ಲಿ ಅವಳ ಕತೆ ಬೆಳೆದಂತೆ ಬಾಲ್ಸರ್ ಕುಗ್ಗಿದ. ಹೊರಗಿನ ತಂಡಗಳು ಅವನನ್ನು ದಾರಿ ತೋರಲು ಕರೆಯುವುದನ್ನು ಬಿಟ್ಟವು. ಅವನು ಕಿಟಕಿ ಚೌಕಟ್ಟು ಮಾಡುತ್ತ, ರಕ್ಷಣೆಗೆ ಹೋದಾಗ ಸಾಲಿನ ಕೊನೆಯಲ್ಲಿ ನಡೆಯುತ್ತ ಇದ್ದುಬಿಟ್ಟ. ಇನ್ನೊಂದು ವಿಷಯ ಅವಳನ್ನು ಹೆಚ್ಚು ಚುಚ್ಚುತ್ತಿತ್ತು. ತರಗತಿಯಲ್ಲಿ ಅವಳು ಎಲ್ಲವನ್ನೂ ಕಲಿಸಿದಳು, ಪರೀಕ್ಷಿಸುವವರನ್ನು ಪರೀಕ್ಷಿಸುವುದನ್ನು ಮಾತ್ರ ಕಲಿಸಲಿಲ್ಲ. ಅದನ್ನು ಎತ್ತಿದರೆ ಏಕೆಂದು ಹೇಳಬೇಕಾಗುತ್ತದೆ. ಆ ದಿನದ ನಂತರ ಅವಳೂ ಬಾಲ್ಸರನೂ ಇಬ್ಬರೇ ಮೇಲೆ ಹೋಗುವಾಗಲೆಲ್ಲ ಅವನು ಎರಡು ಹೆಜ್ಜೆ ಮುಂದೆ ಹೋಗಿ ತನ್ನ ಬೀಪರನ್ನು ಹಿಡಿದು ಅವಳಿಗಾಗಿ ಕಾಯುತ್ತಿದ್ದ. ಊರಿನ ಉಳಿದವರಿಗೆ ಅಂಥದೊಂದು ಕ್ರಮವಿದೆಯೆಂದೇ ಗೊತ್ತಿರಲಿಲ್ಲ.

ಚಾಸ್ಪರ್ ಬಂದುಹೋದ ವಾರದ ಗುರುವಾರ, ಗುಂಡಿಯೊಳಗೆ ಸೊಂಟದವರೆಗೆ ನಿಂತು ಹಿಮದ ಹರಳುಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದಾಗ ಅವಳು ಕೊನೆಗೂ ಕೇಳಿದಳು. ಬಾಲ್ಸರ್ ಗುಂಡಿಯ ಅಂಚಿನಲ್ಲಿ ಕೂತು ಗರಗಸದ ಹಲ್ಲಿಗೆ ಮೆತ್ತಿದ ಹಿಮ ಕೊಡವುತ್ತಿದ್ದ.

“ಅವತ್ತು ನನ್ನ ಬೀಪರ್ ಯಾಕೆ ತಿರುಗಿಸಿದೆ?”

ಅವನಿಗೆ ಯಾವತ್ತು ಎಂದು ಕೇಳಬೇಕಾಗಲಿಲ್ಲ. “ಮೇಲೆ ಇನ್ನರ್ಧ ಹಿಮ ನೇತಾಡ್ತಿತ್ತಲ್ಲ. ನಿನ್ನ ಕಾಲು ಇನ್ನೂ ಒಳಗಿತ್ತು. ಅದೂ ಬಂದಿದ್ರೆ ಎರಡನೇ ಸಲನಾದ್ರೂ ನೀನು ಕೇಳಿಸ್ಬೇಕಿತ್ತು.”

“ಅಷ್ಟೇನಾ?”

“ಇನ್ನೇನು?”

ಹತ್ತೊಂಬತ್ತು ವರ್ಷ ಎದೆಯಲ್ಲಿ ಹೊತ್ತ ಉಪಕಾರ ಉಪಕಾರವೇ ಆಗಿರಲಿಲ್ಲ, ಬರೀ ಕ್ರಮ. ಮೆಂಗಿಯಾಳಿಗೆ ನಗು ಬಂತು, ನಗುವಿನ ಹಿಂದೆಯೇ ಸಿಟ್ಟೂ ಬಂತು. ಹಾಗಾದರೆ ಊರು ಬಾಯಿಗೆ ಬಂದಂತೆ ಆಡುವಾಗ ಸುಮ್ಮನಿದ್ದೆ ಏಕೆ ಎಂದು ಗದರಿದಳು.

ಬಾಲ್ಸರ್ ಗರಗಸವನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. “ನೀನು ನಂದು ನೋಡ್ದೆ. ನಾನು ನಿಂದು ನೋಡ್ಬೇಕಿತ್ತು. ನೀನೇ ಕಲಿಸೋಳು, ನಿಂದೇನು ನೋಡೋದು ಅಂದ್ಕೊಂಡೆ. ಅರ್ಧ ತಪ್ಪು ನಂದು. ಅರ್ಧ ತಪ್ಪನ್ನ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ.” ಗರಗಸವನ್ನು ಚೀಲಕ್ಕೆ ಸೇರಿಸುತ್ತ, “ಮರುವರ್ಷ ನೀನು ಗೇಟಲ್ಲಿ ನಿಂತೆ. ನೀನು ಅಲ್ಲಿ ನಿಂತಿರೋದೇ ಊರಿಗೆ ಒಳ್ಳೇದು ಅನ್ನಿಸ್ತು. ಬಿಡು ಈಗ. ನಂಗೆ ಕಿಟಕಿ ಕೆಲಸ ಬೇಕಾದಷ್ಟಿದೆ.”

ಅವಳು ಬಿಡಲಿಲ್ಲ, ಆದರೆ ಅವನಿಗೆ ಹಾಗೆಂದು ಹೇಳಲೂ ಇಲ್ಲ. ಹೇಳಿದರೆ ತನ್ನ ತರಗತಿ ಹೋಗಬಹುದು, ಬಹುಶಃ ಕಂಬದ ಕೆಲಸವೂ; ಹೇಳದಿದ್ದರೆ ಬಾಲ್ಸರ್ ಸಾಯುವತನಕ ಸಾಲಿನ ಕೊನೆಯವನು. ಆ ವಾರ ಅವಳ ಬೆಳಗಿನ ವರದಿಯಲ್ಲಿ ಎರಡು ಸಲ ಅಂಕಿ ತಪ್ಪಿ, ಸಂಸ್ಥೆಯವರು ಹುಷಾರಾಗಿದ್ದೀರಾ ಎಂದು ಫೋನು ಮಾಡಿ ವಿಚಾರಿಸಿದರು.

ತರಬೇತಿ ಎಂದಿನಂತೆ ಸಾಮಿಲ್ಲಿನ ಹಿಂದಿನ ದಿಬ್ಬದಲ್ಲಿತ್ತು. ಬೇಲಿಯ ಬಾಗಿಲಲ್ಲಿ ಮೆಂಗಿಯಾ ನಿಂತಳು. ಚಾಸ್ಪರ್, ಬಾಲ್ಸರ್, ಪಾದ್ರಿ ಸೇರಿ ಹದಿನಾಲ್ಕು ಮಂದಿ ಒಬ್ಬೊಬ್ಬರಾಗಿ ಹಾದರು. ಹದಿನಾಲ್ಕು ಬೀಪರೂ ದನಿಗೊಟ್ಟವು. ಅವಳು ಬಾಗಿಲು ಮುಚ್ಚಿ ಅವರನ್ನು ಕೂಡಿಕೊಂಡಳು. ಹರಟುತ್ತ, ಒಬ್ಬರ ಸ್ಕೀ ಇನ್ನೊಬ್ಬರು ತುಳಿದು ಬೈಸಿಕೊಳ್ಳುತ್ತ ದಿಬ್ಬದ ಮೇಲಕ್ಕೆ ಬಂದರು. ಅಲ್ಲಿ ಅನೆಟ್ಟಾ ಸೂಪಿನ ಹಂಡೆಗೆ ಒಲೆ ಹೂಡಿದ್ದಳು.

ಪಾಠ ಶುರುಮಾಡುವ ಬದಲು ಮೆಂಗಿಯಾ ಪಾದ್ರಿಗೆ ಅವರ ಬೀಪರನ್ನು ‘ಹುಡುಕು’ವಿಗೆ ತಿರುಗಿಸಿ, ಉಳಿದವರ ಮುಂದೆ ಹಿಡಿದು ಎಷ್ಟು ಬೀಪರು ದನಿಗೊಡುತ್ತಿವೆಯೆಂದು ಎಣಿಸಲು ಹೇಳಿದಳು. ಪಾದ್ರಿ ಎಣಿಸಿದರು. ಬೀಪರ್ ಕಟ್ಟಿದವರು ಅವರನ್ನು ಬಿಟ್ಟು, ಮೆಂಗಿಯಾಳೂ ಸೇರಿ, ಹದಿನಾಲ್ಕು ಮಂದಿ ನಿಂತಿದ್ದರು, ಯಂತ್ರ ಹದಿಮೂರು ಎನ್ನುತ್ತಿತ್ತು. ಯಾರದೋ ಬ್ಯಾಟರಿ ಹೋಗಿರಬೇಕೆಂದು ಎಲ್ಲರೂ ಎದೆ ತಡವಿಕೊಂಡರು. ಬಾಲ್ಸರನಿಗೆ ಮಾತ್ರ ತಿಳಿಯಿತು. ಅವಳ ಹತ್ತಿರ ಬಂದು ಮೆಲ್ಲಗೆ, “ಬೇಡ ಮೆಂಗಿಯಾ,” ಎಂದ.

ಅವಳು ಜಾಕೆಟ್ಟಿನ ಜಿಪ್ಪು ಇಳಿಸಿದಳು. “ನಂದು. ಬೇಲಿ ಬಾಗಿಲಿಂದ ‘ಹುಡುಕು’ವಿನಲ್ಲೇ ಇದೆ. ನೀವೆಲ್ಲ ನನ್ನ ಪಕ್ಕದಲ್ಲೇ ಬಂದ್ರಿ, ಒಬ್ರೂ ನಿಂದು ಕಳಿಸ್ತಿದೆಯಾ ಅಂತ ನೋಡಲಿಲ್ಲ. ತಪ್ಪು ನಿಮ್ಮದಲ್ಲ, ನಾನು ಕಲಿಸಿಲ್ಲ. ಇವತ್ತು ಬೇಕಂತ ಹೀಗೆ ಬಿಟ್ಟೆ. ಫೋಪಾದಲ್ಲಿ ಮರೆತು ಬಿಟ್ಟಿದ್ದೆ.”

ಅವಳು ಮುಂದುವರಿದು ಅದೇ ದನಿಯಲ್ಲಿ, ಬಸ್ಸಿನ ನಿಲ್ದಾಣಗಳನ್ನು ಹೇಳುವಂತೆ, ಉಳಿದದ್ದನ್ನೂ ಹೇಳಿದಳು: ಬಾಲ್ಸರನಿಗೆ ಕೇಳಿಸಲು ಏನೂ ಇರಲಿಲ್ಲವೆಂದು, ಆದ್ದರಿಂದಲೇ ಕಮರಿಗೆ ಹೋದನೆಂದು, ಬೆರಳುದ್ದದ ಪಟ್ಟಿ ಕಂಡು ಹತ್ತಿ ಬಂದನೆಂದು, ಬೀಪರನ್ನು ತಿರುಗಿಸಿದ್ದು ಅವನೆಂದು. ರೊಟ್ಟಿಯ ಗಂಟಿನ ವಿಷಯವೊಂದನ್ನು ಹೇಳಲಿಲ್ಲ. ಹಂಡೆಯ ಬಳಿ ಅನೆಟ್ಟಾ ಸೌಟು ಹಿಡಿದು ಹಾಗೇ ನಿಂತಿದ್ದಳು.

“ಹಾಗಾದ್ರೆ ನಾನಿಷ್ಟು ವರ್ಷ ಬಂದೋರಿಗೆಲ್ಲ ಹೇಳಿದ್ದು?” ಎಂದಳು ಅವಳು.

“ಟೊರ್ಟಾ ಚೆನ್ನಾಗಿತ್ತು ಬಿಡಮ್ಮ,” ಎಂದರು ಪಾದ್ರಿ.

ಚಾಸ್ಪರ್ ನಗಲಿಲ್ಲ. ಕುಂಟುತ್ತ ಬಾಲ್ಸರನೆದುರು ಹೋಗಿ ನಿಂತು, ತನಗಾದರೂ ಏಕೆ ಹೇಳಲಿಲ್ಲವೆಂದು ಕೇಳಿದ. ವರದಿ ಬರೆದ ಕೈ ನನ್ನದು, ಸುಳ್ಳು ಬರೆಸಿದಿರಲ್ಲ ಎಂದ.

“ಯಾರೂ ಕೇಳ್ಲಿಲ್ಲ ಬಾರ್ಬಾ,” ಎಂದ ಬಾಲ್ಸರ್. “ಎಲ್ರೂ ಹೇಳಿದ್ರು. ಕೇಳ್ಲಿಲ್ಲ.”

ಚಾಸ್ಪರ್ ಮೆಂಗಿಯಾಳ ಕಡೆ ತಿರುಗಿ, ಎರಡು ಚಳಿಗಾಲ ಅವಳು ತರಗತಿ ತೆಗೆದುಕೊಳ್ಳಬಾರದೆಂದೂ, ನಡೆದದ್ದನ್ನು ಹಿಮಸಂಸ್ಥೆಗೆ ಅವಳೇ ಬರೆದು ತಿಳಿಸಬೇಕೆಂದೂ ಹೇಳಿದ. ಅವಳು ಒಪ್ಪಿದಳು. ಸೂಪು ಆರುವ ಮುಂಚೆ ಬಾಲ್ಸರನ ಹೆಸರನ್ನು ಚಾಸ್ಪರನೇ ಎತ್ತಿದ. ಇಬ್ಬರು ಕೈ ಎತ್ತಲಿಲ್ಲ. ಹತ್ತೊಂಬತ್ತು ವರ್ಷ ನಂಬಿದ್ದನ್ನು ಒಂದು ಬಟ್ಟಲು ಸೂಪಿನ ಹೊತ್ತಿನಲ್ಲಿ ಬಿಡುವುದು ಎಲ್ಲರಿಂದ ಆಗುವ ಕೆಲಸವಲ್ಲ. ಉಳಿದ ಕೈಗಳು ಸಾಕಾದವು. ಕೊನೆಯ ಬಟ್ಟಲನ್ನು ಮೆಂಗಿಯಾಳಿಗೆ ಕೊಡುತ್ತ ಅನೆಟ್ಟಾ ಅವಳ ಕಿವಿಯ ಹತ್ತಿರ ಬಂದಳು.

“ಅವತ್ತು ಕೂಗಿದ್ದು ನಾನು. ರೊಟ್ಟಿ.”

“ರೊಟ್ಟಿ ಬೇಕಿತ್ತು ಕಣೇ. ಆಸ್ಪತ್ರೇಲಿ ಅದನ್ನೇ ತಿಂದೆ,” ಎಂದಳು ಮೆಂಗಿಯಾ.

ಈಗ ರಕ್ಷಣಾ ತಂಡಕ್ಕೆ ಬಾಲ್ಸರ್ ಮುಖ್ಯಸ್ಥ. ಇದು ಅವನ ಎರಡನೆಯ ಚಳಿಗಾಲ. ಹಿಮಸಂಸ್ಥೆ ಮೆಂಗಿಯಾಳ ಕಾಗದವನ್ನು ಹೆಸರು ತೆಗೆದು ತನ್ನ ಪಾಠಗಳಲ್ಲಿ ಸೇರಿಸಿಕೊಂಡಿದೆ, ಕಂಬದ ಕೆಲಸವನ್ನು ಅವಳಲ್ಲೇ ಬಿಟ್ಟಿದೆ. ತರಗತಿ ಬರುವ ಡಿಸೆಂಬರಿನಲ್ಲಿ ಅವಳಿಗೆ ಮರಳುತ್ತದೆ. ಪಕ್ಕದ ಕಣಿವೆಯಲ್ಲಿ ಹಳೆಯ ಕತೆಯೇ ಇನ್ನೂ ನಡೆಯುತ್ತಿದೆ. ಗೇಟಿನಲ್ಲಿ ಅವಳು ಈಗಲೂ ನಿಲ್ಲುತ್ತಾಳೆ. ಅವಳೂ ಮೇಲೆ ಹೋಗುವ ದಿನ ಮೊದಲು ದಾಟಿದವರು ಸೇತುವೆಯ ಬಳಿ ತಮ್ಮ ಬೀಪರ್ ಹಿಡಿದು ಕಾಯುತ್ತಾರೆ, ಅವಳು ಕೊನೆಯವಳಾಗಿ ಅವರ ಮುಂದೆ ಹಾದುಹೋಗುತ್ತಾಳೆ.